ಝೋನಿನೊಳಗೊಂದು ಖಾಲಿ ಮನೆ

ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಒಂದು ರಸ್ತೆ ಇದೆ. ಅದರ ಎಡಬದಿಗೆ ಮನೆ ಇದ್ದವರ ಮಕ್ಕಳಿಗೆ ಅಲ್ಲಿನ ಹೈಸ್ಕೂಲಿನಲ್ಲಿ ಸೀಟು ಗ್ಯಾರಂಟಿ. ಬಲಬದಿಗೆ ಇದ್ದವರು ಕೈಮುಗಿದು ಅರ್ಜಿ ಹಾಕಬೇಕು. ಇದಕ್ಕೆ ಝೋನ್ ಅನ್ನುತ್ತಾರೆ. ಊರಿನಲ್ಲಿ ಮಡಿ-ಮೈಲಿಗೆ ಅಂತ ಗೆರೆ ಎಳೆಯುವವರನ್ನು ಬೈದುಕೊಂಡೇ ದೊಡ್ಡವಳಾದೆ ನಾನು. ಇಲ್ಲಿಗೆ ಬಂದರೆ ಸರ್ಕಾರವೇ ಮ್ಯಾಪಿನ ಮೇಲೆ ಗೆರೆ ಎಳೆದು ಕೊಟ್ಟಿದೆ. ನಾವಂತೂ ಆ ರಸ್ತೆಯ ಎಡಕ್ಕೂ ಇರಲಿಲ್ಲ, ಬಲಕ್ಕೂ ಇರಲಿಲ್ಲ. ಅಲ್ಲಿಂದ ಎರಡು ಬಸ್ಸು ದೂರದ ನೋಬಲ್ ಪಾರ್ಕಿನಲ್ಲಿ ಮಾರ್ಟ್‌ಗೇಜ್ ಕಟ್ಟಿಕೊಂಡು ಬಿದ್ದಿದ್ದೆವು.

ಅದಕ್ಕೂ ಮುಂಚೆ ಸಿಡ್ನಿ. ನಾನು, ನನ್ನ ಗಂಡ ವಿಜಯ, ಇಬ್ಬರೂ ಧಾರವಾಡದವರು. ವೆಸ್ಟ್‌ಮೀಡ್ ಸ್ಟೇಷನ್ ಹತ್ತಿರ ಬಾಡಿಗೆ ಫ್ಲಾಟು, ನನಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಅವರಿಗೆ ನಾರ್ತ್ ಸಿಡ್ನಿಯಲ್ಲಿ ಐಟಿ. ಮಗಳು ಪ್ರಣತಿಗೆ ಲಿಫ್ಟಿಳಿದರೆ ಸಾಕು, ಕೆಳಗೆ ಹಿಂಡು ಹುಡುಗರು. ಎಷ್ಟು ಮಾತಾಡುತ್ತಿದ್ದಳು ಅಂದರೆ ಪಕ್ಕದ ಮನೆಯವರು ಅವಳನ್ನು ರೇಡಿಯೋ ಅಂತಲೇ ಕರೆಯುತ್ತಿದ್ದರು. ಆಮೇಲೆ ಇವರ ಕಂಪನಿ ಮೆಲ್ಬರ್ನಿಗೆ ಬಾ ಅಂದಿತು. ಸಿಡ್ನಿಯಲ್ಲಿ ಈ ಜನ್ಮಕ್ಕೆ ಸ್ವಂತ ಮನೆ ಆಗದು, ಅಲ್ಲಾದರೆ ಆದೀತು ಅಂತ ಬಂದೆವು. ಮನೆಯೇನೋ ಆಯಿತು. ರೇಡಿಯೋ ಬಂದ್ ಆಯಿತು.

ನಾಲ್ಕನೇ ಕ್ಲಾಸಿಗೆ ಹೊಸ ಶಾಲೆಗೆ ಸೇರಿದ ಹುಡುಗಿ ಇಡೀ ವರ್ಷ ಅಲ್ಲಿ ಬಾಯಿ ಬಿಡಲಿಲ್ಲ. ಊಟದ ಬಿಡುವಿನಲ್ಲಿ ಲೈಬ್ರರಿಯ ಮೂಲೆ ಹಿಡಿದು ಕೂರುತ್ತಿದ್ದಳಂತೆ. ಟೀಚರಮ್ಮ ನನ್ನನ್ನು ಕರೆಸಿ, "ಶೀ ಈಸ್ ಸಚ್ ಎ ಲವ್ಲಿ, ಕ್ವಾಯಟ್ ಗರ್ಲ್," ಅಂದಳು. ಕ್ವಾಯಟ್ ಅಂತೆ, ಇವಳ ತಲೆ! ಮನೆಗೆ ಬಂದು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ ಅವತ್ತು.

ಐದನೇ ಕ್ಲಾಸಿಗೆ ಅಶ್ವಿತಾ ಬಂದಳು. ನಮ್ಮ ಹಿಂದಿನ ಬೀದಿಗೇ ಬಂದ ಉಡುಪಿ ಕಡೆಯ ಸುಪ್ರೀತಾ, ಧನರಾಜ್ ದಂಪತಿಗಳ ಮಗಳು. ಅವಳು ಏನು ಮೋಡಿ ಮಾಡಿದಳೋ ಗೊತ್ತಿಲ್ಲ, ಪ್ರಣತಿ ಮತ್ತೆ ಮಾತಾಡತೊಡಗಿದಳು. ಅವಳ ಜೊತೆ ಮಾತ್ರ, ಆಮೇಲೆ ಅವಳ ಮೂಲಕ ಇನ್ನೊಬ್ಬರ ಜೊತೆ. ಆರನೇ ಕ್ಲಾಸು ಮುಗಿದರೆ ಇಲ್ಲಿ ಶಾಲೆ ಬದಲಾಯಿಸಲೇಬೇಕು. ಅಶ್ವಿತಾ ಗ್ಲೆನ್ ವೇವರ್ಲಿಯ ಹೈಸ್ಕೂಲಿಗೆ ಹೋಗುತ್ತಾಳೆ ಅಂತ ಗೊತ್ತಾದ ದಿನ ಪ್ರಣತಿ ಕಾರಿನ ಹಿಂದಿನ ಸೀಟಿನಿಂದ ಹೇಳಿದಳು, "ಅಮ್ಮ, ಇಫ್ ಅಶ್ವಿತಾ ಈಸ್ ದೇರ್, ಐ ಕ್ಯಾನ್ ಟಾಕ್." ಅಷ್ಟೇ ಹೇಳಿದ್ದು. ನನಗೆ ಆ ಶಾಲೆಯ ರ‍್ಯಾಂಕೂ ಬೇಡ, ಅಲ್ಲಿ ಕಲಿತು ಡಾಕ್ಟರಾಗುವುದೂ ಬೇಡ. ನನ್ನ ಮಗಳು ಬಾಯಿ ಬಿಟ್ಟು ಮಾತಾಡಿದರೆ ಸಾಕಿತ್ತು.

ಹೊರಗಿನ ಏರಿಯಾದವರು ಅಂತ ಅರ್ಜಿ ಹಾಕಿದೆವು. ಹೊರಗಿನವರಿಗೆ ಜಾಗ ಇಲ್ಲ ಅಂತ ಉತ್ತರ ಬಂತು. ಹಾಗಾದರೆ ಹಿಂದಿನ ಬೀದಿಯ ಅಶ್ವಿತಾಗೆ ಹೇಗೆ ಸಿಗುತ್ತದೆ? ಸುಪ್ರೀತಾಳನ್ನೇ ಕೇಳಿದೆ. ಅವಳು ಏನೂ ಮುಚ್ಚಿಡುವ ಹೆಂಗಸಲ್ಲ.

"ನಾವು ಲತೇಶಣ್ಣನ ಅಡ್ರೆಸ್ ಕೊಟ್ಟದ್ದು ಮಾರಾಯ್ರೆ. ನನ್ನ ಸ್ವಂತ ಅಣ್ಣ, ಅವನ ಮನೆ ಗ್ಲೆನ್ ವೇವರ್ಲಿಯಲ್ಲೇ ಉಂಟಲ್ಲ. ಅವನ ಮಕ್ಕಳ ರೂಮಲ್ಲಿ ಅಶ್ವಿತಾಗೆ ಒಂದು ಮಂಚ ಹಾಕಿ ಆಯ್ತು. ಗೋಡೆಗೆ ಅವಳ ಫೋಟೋ, ಟೇಬಲ್ ಮೇಲೆ ಅವಳ ಪುಸ್ತಕ. ಯಾರು ಬಂದು ನೋಡಿದ್ರೂ ತೊಂದ್ರೆ ಇಲ್ಲ. ನಿಮ್ಗೂ ಬೇಕಾದ್ರೆ ಹೇಳಿ, ಅಣ್ಣನ ಪರಿಚಯದವ್ರು ಯಾರಾದ್ರೂ ಇರ್ತಾರೆ."

"ಬ್ಯಾಡ್ರಿ ಸುಪ್ರೀತಾ, ನಮಗ ಅಂಥಾದ್ದು ನಡೆಸಲಿಕ್ಕೆ ಬರೂದಿಲ್ಲ," ಅಂದೆ. ದೊಡ್ಡ ಸತ್ಯವಂತಳ ಹಾಗೆ ಅಂದೆ. ಅವಳು ನಕ್ಕು ಇನ್ನೊಂದು ಕಪ್ ಚಹಾ ಬಗ್ಗಿಸಿದಳು.

ನಾವು ನೆಟ್ಟಗಿನ ದಾರಿ ಹಿಡಿದೆವು. ಝೋನಿನ ಒಳಗೆ, ಶಾಲೆಯ ಬೇಲಿಗೆ ಎದುರಾಗಿಯೇ, ಒಂದು ಸಣ್ಣ ಯೂನಿಟ್ ಮನೆ ಬಾಡಿಗೆಗೆ ಹಿಡಿದೆವು. ನಿಜವಾಗಿ ಹಿಡಿದೆವು. ಅಲ್ಲಿಗೇ ಹೋಗಿ ಇರುವುದು, ನಮ್ಮ ಮನೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವುದು ಅಂತ. ಅಡ್ರೆಸ್ ಬದಲಾಗಿದೆ ಅಂತ ಶಾಲೆಗೆ ತಿಳಿಸಿದೆವು. ನಾವು ಪರಿಶೀಲನೆ ಮಾಡಿ ಹೇಳುತ್ತೇವೆ ಅಂದರು. ಮಾಡಿಕೊಳ್ಳಲಿ, ನಮಗೇನು ಭಯ ಅಂದುಕೊಂಡೆ.

ಕೀಲಿಕೈ ಸಿಕ್ಕಿದ್ದು ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ವಾರ. ನನಗೆ ಲ್ಯಾಬಿನಲ್ಲಿ ಬಿಡುವಿಲ್ಲ, ಇವರಿಗೆ ಆಫೀಸಿನಲ್ಲಿ ಏನೋ ಹೊಸ ಸಿಸ್ಟಮ್ ಚಾಲೂ ಮಾಡುವ ಗೋಲೈವ್ ಗಲಾಟೆ. ಸಾಮಾನು ಕಟ್ಟುವಷ್ಟರಲ್ಲಿ ಅಮಾವಾಸ್ಯೆ ಕಳೆದು ಆಷಾಢ ಹಿಡಿಯಿತು.

"ಆಷಾಢದಾಗ ಹೊಸಾ ಮನಿ ಹೊಗೂದು ಬ್ಯಾಡ," ಅಂದರು ವಿಜಯ. "ನಾಗರ ಅಮಾಸಿ ಮುಗೀಲಿ. ಒಂದು ತಿಂಗಳದ್ದೇನು?"

"ರೀ, ನೀವು ಯಾವಾಗಿಂದ ಆಷಾಢ ನಂಬಲಿಕ್ಕೆ ಹತ್ತಿದ್ರಿ?"

"ನಾ ನಂಬೂದಿಲ್ಲ. ಅವ್ವ ನಂಬತಾಳ. ಆಷಾಢದಾಗ ಹಾಲು ಉಕ್ಕಿಸಿದ್ವಿ ಅಂತ ಗೊತ್ತಾದ್ರ ಅಕಿ ಒಪ್ಪೂದಿಲ್ಲ, ಹಗಲೂ ರಾತ್ರಿ ಅದನ್ನ ಹಚ್ಚಿಕೊಂಡು ಕೂಡತಾಳ. ವಯಸ್ಸಾದಾಕಿ. ಯಾಕ ಸುಮ್ಮನ ಮನಸ್ಸು ನೋಯಿಸೂದು?"

ಅತ್ತೆ ನೀಲಕ್ಕ ಇರುವುದು ಧಾರವಾಡದಲ್ಲಿ, ಹಿರಿಯ ಮಗನ ಜೊತೆ. ಅವರ ಹೆಸರು ಬಂದ ಮೇಲೆ ನಾನು ಏನು ಮಾತಾಡಿದರೂ ಸೊಸೆ ಮಾತಾಡಿದ ಹಾಗೆ. ಅದೂ ಅಲ್ಲದೆ, ಸುಳ್ಳು ಯಾಕೆ ಹೇಳಲಿ, ನನಗೂ ಒಳಗೊಳಗೇ ಅಳುಕಿತ್ತು. ಇಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕಿದ್ದೇವೆ, ಒಂದು ತಿಂಗಳ ಆತುರಕ್ಕೆ ಮಗಳಿಗೆ ಕೆಟ್ಟದಾದರೆ? ಸುಮ್ಮನಾದೆ. ಹೀಗೆ ಝೋನಿನ ಮನೆಗೆ ಬಾಡಿಗೆ ಕಟ್ಟುತ್ತ, ನೋಬಲ್ ಪಾರ್ಕಿನಲ್ಲೇ ಉಳಿದೆವು.

ಸುಪ್ರೀತಾಗೆ ಹೇಳಿದರೆ ಅವಳು ಹಣೆ ಬಡಿದುಕೊಂಡಳು. "ನಮ್ಗೂ ಆಷಾಢದ ಹಾಗೆ ಆಟಿ ತಿಂಗಳು ಉಂಟಲ್ಲ ಹೇಮಾ. ಆದ್ರೆ ನಮ್ದು ಮನೆ ಶಿಫ್ಟೇ ಅಲ್ಲ. ಹುಡುಗಿ ಮಾವನ ಮನೆಗೆ ಹೋಗಿ ನಾಲ್ಕು ದಿನ ಕೂತ್ರೆ ಯಾವ ದೋಷವೂ ಇಲ್ಲ." ಸುಳ್ಳಿಗೆ ದೋಷವಿಲ್ಲ, ನಿಜಕ್ಕೆ ಮುಹೂರ್ತ ಬೇಕು. ನಾನೂ ಅವಳ ಜೊತೆ ನಕ್ಕೆ.

ಒಂದು ಶನಿವಾರ ನಾನು, ಪ್ರಣತಿ ಕಿಟಕಿಗಳ ಅಳತೆ ತೆಗೆದುಕೊಳ್ಳಲು ಯೂನಿಟ್ಟಿಗೆ ಹೋಗಿದ್ದೆವು. ಬೆಲ್ ಆಯಿತು. ಬಾಗಿಲಲ್ಲಿ ಶಾಲೆಯ ಎನ್‌ರೋಲ್‌ಮೆಂಟ್ ಆಫೀಸಿನ ಹೆಂಗಸು. ಕೊರಳಲ್ಲಿ ಐಡಿ ಕಾರ್ಡು, ಮುಖದಲ್ಲಿ ಸಕ್ಕರೆಯಂಥ ನಗು. ದಾರಿಯಲ್ಲಿ ಹೋಗುತ್ತಿದ್ದೆ, ಹಾಗೇ ಒಂದು ಹಲೋ ಅನ್ನೋಣ ಅಂತ ಬಂದೆ, ಒಳಗೆ ಬರಬಹುದೇ ಅಂದಳು. ನನಗೆ ಎಷ್ಟು ಖುಷಿಯಾಯಿತು ಅಂತೀರಿ! ಸರಿಯಾಗಿ ನಾವು ಇರುವಾಗಲೇ ಬಂದಳಲ್ಲ, ದೇವರು ಇದ್ದಾನೆ ಅಂದುಕೊಂಡೆ. ಬನ್ನಿ ಬನ್ನಿ ಅಂದೆ.

ಅವಳು ಒಳಗೆ ಬಂದಳು. ಆಗ ನಾನೂ ಅವಳ ಕಣ್ಣಿನಿಂದ ಆ ಮನೆ ನೋಡಿದೆ. ಹಾಲ್‌ನಲ್ಲಿ ಒಂದು ಕುರ್ಚಿ ಇಲ್ಲ. ಅಡುಗೆಮನೆಯಲ್ಲಿ ಒಂದು ಲೋಟ ಇಲ್ಲ. ಬೆಡ್‌ರೂಮಿನಲ್ಲಿ ಬರೀ ಕಾರ್ಪೆಟ್ಟು. ಚಳಿಗಾಲದ ಮಧ್ಯದಲ್ಲಿ ಹೀಟರ್ ಕೂಡ ಹಾಕಿಲ್ಲ, ನಾವಿಬ್ಬರೂ ದಪ್ಪ ಕೋಟು ಹಾಕಿಕೊಂಡೇ ನಿಂತಿದ್ದೇವೆ.

ಅವಳು ನನ್ನನ್ನು ಒಂದೂ ಪ್ರಶ್ನೆ ಕೇಳಲಿಲ್ಲ. ಪ್ರಣತಿಯ ಕಡೆ ಬಗ್ಗಿ, ನಿನ್ನ ರೂಮು ಯಾವುದಮ್ಮ ಅಂತ ಕೇಳಿದಳು.

ಅಪರಿಚಿತರ ಮುಂದೆ ಬಾಯಿ ಬಿಡದ ನನ್ನ ಮಗಳು ಅವತ್ತು ಬಿಟ್ಟಳು. ಅಷ್ಟು ಉತ್ಸಾಹ ಅವಳಿಗೆ. "ದಿಸ್ ವಿಲ್ ಬಿ ಮೈನ್," ಅಂದಳು, ಓಡಿ ಹೋಗಿ ಕಿಟಕಿ ತೋರಿಸಿ. ಇಲ್ಲಿಂದ ಶಾಲೆಯ ಆಟದ ಮೈದಾನ ಕಾಣುತ್ತದೆ ಅಂದಳು.

"ವಿಲ್ ಬಿ?"

"ಆಫ್ಟರ್ ಆಷಾಢ." ಆ ಹೆಂಗಸಿಗೆ ಅರ್ಥವಾಗಲಿಲ್ಲವೆಂದು ತಾನೇ ಬಿಡಿಸಿ ಹೇಳಿದಳು. ಇದು ನಮ್ಮ ಅಜ್ಜಿಯ ತಿಂಗಳು, ಇದು ಮುಗಿಯುವ ತನಕ ನಾವು ಇಲ್ಲಿ ಮಲಗುವ ಹಾಗಿಲ್ಲ, ಮೊದಲು ಹಾಲು ಉಕ್ಕಿಸಬೇಕು, ಅಲ್ಲೀತನಕ ನಾವು ನಮ್ಮ ಮನೆಯಲ್ಲೇ ಇರುತ್ತೇವೆ ಅಂತ. ಕಣ್ಣಲ್ಲಿ ಹೊಳಪು, ಒಂದೊಂದು ಮಾತೂ ಸ್ಪಷ್ಟ. ಎರಡು ವರ್ಷದಿಂದ ನಾನು ಯಾವ ಮಾತಿಗಾಗಿ ಕಾಯುತ್ತಿದ್ದೆನೋ ಆ ಮಾತು ಅವತ್ತು ಬಂತು.

"ಹೌ ಲವ್ಲಿ," ಅಂದಳು ಆ ಹೆಂಗಸು. ನಾನು ಲೀಸು, ಸಾಮಾನು, ಅಮಾವಾಸ್ಯೆ ಅಂತ ಏನೇನೋ ತೊದಲಿದೆ. ಎಲ್ಲದಕ್ಕೂ ತಲೆಯಾಡಿಸಿದಳು, ಕೈ ಕುಲುಕಿ ಹೋದಳು.

ಕಾರಿನಲ್ಲಿ ಪ್ರಣತಿ ಕೇಳಿದಳು, "ಡಿಡ್ ಐ ಸೇ ಸಮ್‌ಥಿಂಗ್ ರಾಂಗ್?"

"ಇಲ್ಲವ್ವಾ," ಅಂದೆ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವಳಿಗೆ ಹೇಗೋ ಗೊತ್ತಾಯಿತು. ಮನೆ ಬರುವ ತನಕ ಮತ್ತೆ ಮಾತಾಡಲಿಲ್ಲ.

ಅದೇ ವಾರ ಲತೇಶನ ಮನೆಗೂ ಆ ಆಫೀಸಿನ ಹೆಂಗಸೇ ಹೋಗಿದ್ದಳಂತೆ. ಅಶ್ವಿತಾಳ ಮಂಚ ನೋಡಿದಳು, ಫೋಟೋ ನೋಡಿದಳು, ಮಗಳ ಜೊತೆ ಅಲ್ಲೇ ಠಿಕಾಣಿ ಹೂಡಿದ್ದ ಸುಪ್ರೀತಾ ಕೊಟ್ಟ ಗೋಳಿಬಜೆ ತಿಂದಳು. ಅಶ್ವಿತಾ ಮಾವನ ಮನೆಯ ಅಡ್ರೆಸ್ಸನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದಳಂತೆ. ಎಲ್ಲ ಸಸೂತ್ರ.

ಜುಲೈ ಕೊನೆಗೆ ಅಶ್ವಿತಾಗೆ ಸೀಟು ಬಂತು. ನಮಗೆ ಬಂದದ್ದು ನಯವಾದ ನಿರಾಕರಣೆ: ನೀವು ಕೊಟ್ಟ ವಿಳಾಸ ನಿಮ್ಮ ಕಾಯಂ ವಾಸದ ಮನೆಯೆಂದು ನಮಗೆ ಮನವರಿಕೆಯಾಗಿಲ್ಲ, ನಿಮಗೆ ಬೇರೆ ಕಡೆ ಸ್ವಂತ ಮನೆ ಇದೆ, ನೀವು ಅಲ್ಲೇ ವಾಸವಾಗಿದ್ದೀರಿ.

ನಾಗರ ಅಮಾವಾಸ್ಯೆ ಕಳೆದ ಮರುದಿನವೇ ನಾವು ಯೂನಿಟ್ಟಿಗೆ ಹೋದೆವು. ಹಾಲು ಉಕ್ಕಿಸಿದೆ, ಉಕ್ಕಿದ ಹಾಲು ಒಲೆಯ ತುಂಬ ಹರಿದು ಹೊಗೆಯೆದ್ದು ಅಲಾರಂ ಹೊಡೆದುಕೊಂಡಿತು. ಕಾಯಂ ಅಂತ ತೋರಿಸಬೇಕಲ್ಲ, ಸ್ವಂತ ಮನೆಗೆ ಬಾಡಿಗೆದಾರರನ್ನು ಹಾಕಿದೆವು. ಆಮೇಲೆ ಮೇಲ್ಮನವಿ. ಪ್ರಿನ್ಸಿಪಾಲರೇ ನಮ್ಮನ್ನು ಕೂರಿಸಿಕೊಂಡು ಮಾತಾಡಿದರು.

ಆಷಾಢವನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ ನೀವು. ಇನಾಸ್ಪಿಶಸ್ ಮಂತ್ ಅಂದೆ. ನನ್ನ ಕಿವಿಗೇ ಹುಚ್ಚಿಯ ಮಾತಿನ ಹಾಗೆ ಕೇಳಿಸಿತು. ವಿಜಯ ಪಕ್ಕದಲ್ಲಿ ಇಟ್ಟ ಗೊಂಬೆಯ ಹಾಗೆ ಕೂತಿದ್ದರು. "ವೀ ಡೀಪ್ಲಿ ರೆಸ್ಪೆಕ್ಟ್ ಯುವರ್ ಕಲ್ಚರ್," ಅಂದರು ಪ್ರಿನ್ಸಿಪಾಲರು. ಗೌರವವಂತೆ! ವರ್ಷಕ್ಕೊಮ್ಮೆ ಹಾರ್ಮನಿ ಡೇ ಅಂತ ಪ್ರೈಮರಿ ಶಾಲೆಯವರು ಕರೆದಾಗ ಇಳಕಲ್ ಸೀರೆ ಉಟ್ಟುಕೊಂಡು, ಟ್ರೇ ತುಂಬ ಹೋಳಿಗೆ ಮಾಡಿಕೊಂಡು ಹೋಗಿದ್ದೇನೆ ನಾನು. ಹೋಳಿಗೆ ಖಾಲಿಯಾಗುವ ತನಕ ಕಲ್ಚರ್ ಬೇಕು. ಅದೇ ಕಲ್ಚರ್ ಮನೆ ಬದಲಾಯಿಸಬೇಡ ಅಂದರೆ ಅದು ನೆಪ.

ಆದರೆ ನನ್ನ ಹೊಟ್ಟೆ ಉರಿಯುವುದು ಇದಕ್ಕಲ್ಲ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೆ. ಒಮ್ಮೆ ಖಾಲಿ ಇದ್ದ ಮನೆ, ನಿರಾಕರಿಸಿದ ಮೇಲೆ ತುಂಬಿದರೆ ನಾವು ಯಾವುದನ್ನು ನಂಬಬೇಕು, ಇಂಥವು ವರ್ಷಾವರ್ಷ ನೋಡುತ್ತೇವೆ ಅಂದರು. ನಾನೇ ಆ ಕುರ್ಚಿಯಲ್ಲಿದ್ದರೂ ಅದನ್ನೇ ಅನ್ನುತ್ತಿದ್ದೆ. ಲತೇಶನ ಮನೆಯ ಮಂಚದ ವಿಷಯ ನನ್ನ ಗಂಟಲ ತನಕ ಬಂತು. ಹೇಳಿದರೆ ಅಶ್ವಿತಾಳ ಸೀಟು ಹೋಗುತ್ತದೆ, ಪ್ರಣತಿಗೇನೂ ಬರುವುದಿಲ್ಲ, ಇದ್ದ ಒಬ್ಬಳು ಗೆಳತಿಯೂ ಇಲ್ಲದಂತಾಗುತ್ತದೆ. ಥ್ಯಾಂಕ್ಯೂ ಹೇಳಿ ಎದ್ದು ಬಂದೆ. ಮೇಲಿನ ಆಫೀಸಿಗೂ ಬರೆದೆವು, ಅವರೂ ಶಾಲೆ ಹೇಳಿದ್ದೇ ಸರಿ ಅಂದರು.

ಆ ಉತ್ತರ ಬಂದ ಸಂಜೆ ಧಾರವಾಡಕ್ಕೆ ವಿಡಿಯೋ ಕಾಲ್. ಅತ್ತೆ ಮೊಮ್ಮಗಳ ಸಾಲಿ ಏನಾಯಿತು ಅಂತ ಕೇಳಿದರು. ವಿಜಯ ಕತೆ ಹೇಳಿದರು.

"ಏನಂದಿ? ಆಷಾಢ ಅಂತ ಮನಿ ಖಾಲಿ ಬಿಟ್ರ್ಯಾ?"

"ನಿನಗ ನೋವಾಗ್ತದಂತ ಬೇ."

"ನನ್ನ ಕೇಳಿದ್ರೇನು?" ಅತ್ತೆಯ ದನಿ ಏರಿತು. "ಕೂಸಿನ ಸಾಲಿ ಪ್ರಶ್ನಿ ಅದ ಅಂತ ಒಂದು ಮಾತು ಕೇಳಿದ್ರ ನಾನ ಹೇಳತಿದ್ನಿ. ಮಣ್ಣೆತ್ತಿನ ಅಮಾಸಿಗಿಂತ ಮೊದ್ಲ ಒಂದು ದಿನ ಹೋಗಿ, ದೇವರ ಫೋಟೋ ಇಟ್ಟು, ಹಾಲು ಉಕ್ಕಿಸಿ ಬಂದುಬಿಟ್ಟಿದ್ರ ಮುಗೀತಿತ್ತು. ಆಮ್ಯಾಲೆ ಯಾವಾಗ ಬೇಕಾದ್ರೂ ಸಾಮಾನು ಒಯ್ಯಬಹುದು. ನಿಮ್ಮಪ್ಪಗ ಬೆಳಗಾವಿಗೆ ಟ್ರಾನ್ಸ್‌ಫರ್ ಆದಾಗ ನಾವು ಹೋಗಿದ್ದ ಆಷಾಢದಾಗ. ಸರ್ಕಾರ ಆಷಾಢ ನೋಡತದೇನು? ನನ್ನ ಹೆಸರು ಹೇಳಿ ನನ್ನ ಮೊಮ್ಮಗಳ ಬಾಳೇವು ಹಾಳು ಮಾಡಿದ್ರೆಲ್ಲೋ!" ಅಂತ ಅಳತೊಡಗಿದರು.

ಫೋನ್ ಇಟ್ಟ ಮೇಲೆ, "ಮಾತಾಡ್ರಿ ಈಗ," ಅಂದೆ ಇವರಿಗೆ. ಕೇಳದೆಯೇ ಅವ್ವನ ಮನಸ್ಸು ತಿಳಿದುಕೊಂಡ ಮಹಾನುಭಾವ. ಅವತ್ತಿನಿಂದ ನಮ್ಮ ಮನೆಯಲ್ಲಿ ಅಪ್ಪ, ಮಗಳು ಇಬ್ಬರಿಗೂ ಮಾತು ನಿಂತಿತು.

ಈಗ ನಮ್ಮ ಸ್ಥಿತಿ ಕೇಳಿ. ನಾವು ಝೋನಿನ ಒಳಗೆ ಇದ್ದೇವೆ, ಲೀಸು ಮುಗಿಯುವ ತನಕ ಅಲುಗಾಡುವ ಹಾಗಿಲ್ಲ. ಪ್ರಣತಿಗೆ ಸೀಟು ಸಿಕ್ಕಿದ್ದು ನೋಬಲ್ ಪಾರ್ಕಿನ ಕಡೆಯ, ನಾವು ಬಿಟ್ಟು ಬಂದ ಏರಿಯಾದ ಶಾಲೆಯಲ್ಲಿ. ಕೆಟ್ಟ ಶಾಲೆಯೇನಲ್ಲ, ಒಳ್ಳೆಯ ಮೇಷ್ಟ್ರುಗಳೇ ಇದ್ದಾರೆ. ಆದರೆ ಅವಳಿಗೆ ಅಲ್ಲಿ ಒಂದು ಗುರುತಿನ ಮುಖ ಇಲ್ಲ. ದಿನಾ ಬೆಳಿಗ್ಗೆ ಅವಳು ಎರಡು ಬಸ್ಸು ಹತ್ತಿ ಅತ್ತ ಹೋಗುತ್ತಾಳೆ. ಅಶ್ವಿತಾ ನೋಬಲ್ ಪಾರ್ಕಿನಿಂದ ಅಮ್ಮನ ಕಾರಿನಲ್ಲಿ ನಮ್ಮ ಮನೆಯೆದುರಿನ ಶಾಲೆಗೆ ಬಂದಿಳಿಯುತ್ತಾಳೆ.

ಫೆಬ್ರವರಿಯ ಮೊದಲ ವಾರ ಸುಪ್ರೀತಾಳ ಫೋನ್ ಬಂತು.

"ಹೇಮಾ, ಒಂದು ಸಣ್ಣ ಹೆಲ್ಪ್ ಬೇಕಿತ್ತು ಮಾರಾಯ್ರೆ. ಅಣ್ಣ-ಅತ್ತಿಗೆ ಇಬ್ರೂ ಕೆಲಸಕ್ಕೆ ಹೋಗ್ತಾರೆ, ಮನೆಗೆ ಬೀಗ. ನಿಮ್ಮನೆ ಶಾಲೆಗೆ ಎಷ್ಟು ಹತ್ರ ಅಲ್ವಾ! ನಾನು ಬರುವ ತನಕ ಅಶ್ವಿತಾ ನಿಮ್ಮಲ್ಲಿ ಕೂತ್ಕೊಂಡ್ರೆ ಆಗ್ತದಾ? ನಿಮ್ದು ಬೇಗ ಮುಗಿಯುವ ಶಿಫ್ಟ್ ಅಲ್ವಾ?"

ಮೈಯೆಲ್ಲ ಉರಿದುಹೋಯಿತು. ಯಾವ ಮುಖ ಇಟ್ಟುಕೊಂಡು ಕೇಳುತ್ತೀಯೇ ಅನ್ನಬೇಕು ಅಂತ ಬಾಯಿ ತೆರೆದೆ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಪ್ರಣತಿ ನನ್ನ ತೋಳು ಹಿಡಿದಳು. "ಸೇ ಯೆಸ್, ಅಮ್ಮ. ಪ್ಲೀಸ್." ಅವಳ ಮುಖದಲ್ಲಿ ಎಷ್ಟು ಆಸೆ ಇತ್ತು ಅಂದರೆ ನನಗೆ ನೋಡಲಾಗಲಿಲ್ಲ.

"ಬರಲಿ ಬಿಡ್ರಿ," ಅಂದೆ.

ಮರುದಿನ ಶಾಲೆ ಬಿಟ್ಟ ಕೂಡಲೇ ಅಶ್ವಿತಾ ಬಂದಳು. ಬಾಗಿಲು ತೆರೆದರೆ ಆ ಯೂನಿಫಾರ್ಮು. ಇಸ್ತ್ರಿ ಮಾಡಿದ ಬ್ಲೇಜರು, ಎದೆಯ ಮೇಲೆ ಶಾಲೆಯ ಲಾಂಛನ. ಪಾಪ, ಆ ಮಗುವಿನದ್ದೇನು ತಪ್ಪು? "ಹಾಯ್ ಆಂಟಿ," ಅಂತ ಬಂದು ಊಟದ ಟೇಬಲ್ಲಿಗೆ ಕೂತು ಹೋಮ್‌ವರ್ಕ್ ಬಿಚ್ಚಿದಳು. ಒಗ್ಗರಣೆ ಅವಲಕ್ಕಿ ಹಾಕಿಕೊಟ್ಟೆ. ಪ್ರಣತಿ ಎಲ್ಲಿ ಅಂದಳು. ಅವಳ ಬಸ್ಸು ಬರಲು ಇನ್ನೂ ಹೊತ್ತಿದೆ ಅನ್ನಬೇಕು, ಅಷ್ಟರಲ್ಲಿ ಅಶ್ವಿತಾಳ ಫೋನು ಹೊಡೆದುಕೊಂಡಿತು, ಅಮ್ಮನ ಜೊತೆ ಮಾತಿಗೆ ಹತ್ತಿದಳು. ನಾನು ಒಳಗೆ ಹೋದೆ.

ಒಂದು ತಾಸು ಆಗಿರಬೇಕು. ಹಿಂದಿನ ಲಾಂಡ್ರಿ ಕೋಣೆಯ ಬಾಗಿಲು ಮೆಲ್ಲಗೆ ತೆರೆದ ಸದ್ದಾಯಿತು. ಯಾರು ಅಂತ ಹೋಗಿ ನೋಡಿದೆ. ಪ್ರಣತಿ. ಮುಂಬಾಗಿಲಿಗೆ ಬಾರದೆ ಸುತ್ತು ಬಳಸಿ ಬಂದಿದ್ದಳು. ಬಿಸಿಲಿಗೆ ಮುಖವೆಲ್ಲ ಕೆಂಪು. ತನ್ನ ಶಾಲೆಯ ಹಸಿರು ಶರ್ಟನ್ನು ಗಡಿಬಿಡಿಯಿಂದ ಬಿಚ್ಚಿ, ಮುದ್ದೆ ಮಾಡಿ, ವಾಷಿಂಗ್ ಮಷಿನ್ನಿನ ತಳಕ್ಕೆ ತುರುಕುತ್ತಿದ್ದಳು. ಬೆಳಿಗ್ಗೆಯೇ ಅಲ್ಲಿ ತಂದಿಟ್ಟುಕೊಂಡಿದ್ದ ಮನೆಯ ಟೀ ಶರ್ಟು ಮಷಿನ್ನಿನ ಮೇಲೆ ಮಡಚಿ ಇತ್ತು. ನನ್ನನ್ನು ನೋಡಿ ಬೆರಳನ್ನು ತುಟಿಯ ಮೇಲಿಟ್ಟಳು.

"ಪ್ರಣತಿ, ಏನವಾ ಇದು?" ಅಂದೆ.

ಅವಳು ಟೀ ಶರ್ಟು ಹಾಕಿಕೊಂಡು, ಕೂದಲು ಸರಿಮಾಡಿಕೊಂಡು, ಮುಖಕ್ಕೆ ನೀರು ಹಾಕಿಕೊಂಡು ಹಾಲ್‌ಗೆ ಹೋದಳು. ನಾನು ಲಾಂಡ್ರಿಯಲ್ಲೇ ನಿಂತಿದ್ದೆ. ಅಶ್ವಿತಾ ಖುಷಿಯಿಂದ ಕೂಗಿದ್ದು ಕೇಳಿಸಿತು. ನೀನು ಯಾವಾಗ ಬಂದೆ, ನಿನ್ನ ಶಾಲೆ ಹೇಗಿದೆ, ಫ್ರೆಂಡ್ಸ್ ಆದರಾ ಅಂತ ಒಂದರ ಮೇಲೊಂದು ಕೇಳಿದಳು.

"ಓಹ್, ನಾನು ಆಗಲೇ ಬಂದೆ, ನಿದ್ದೆ ಮಾಡ್ತಿದ್ದೆ," ಅಂದಳು ನನ್ನ ಮಗಳು, ಇಂಗ್ಲಿಷಿನಲ್ಲಿ. ಶಾಲೆ ತುಂಬ ಚೆನ್ನಾಗಿದೆ ಅಂದಳು. ಫ್ರೆಂಡ್ಸ್ ಬಹಳ ಜನ ಆಗಿದ್ದಾರೆ, ಇಬ್ಬರ ಜೊತೆ ದಿನಾ ಊಟ ಮಾಡುತ್ತೇನೆ ಅಂದಳು. ಆ ಇಬ್ಬರಿಗೂ ನಾನು ಎಂದೂ ಕೇಳಿರದ ಹೆಸರು ಹೇಳಿದಳು. ಒಂದು ಸಲವೂ ತಡವರಿಸಲಿಲ್ಲ.